ಹೆಸರನ್ನು ಹೊತ್ತು ನಡೆದ ಊರು: ಮೆಕ್ಸಿಕೋದ ಪಾರಾಂಗಾರಿಕುತಿರೊ

[ದೃಶ್ಯ: ಕಪ್ಪು ಬಂಡೆಗಳ ನಡುವೆ ಒಂಟಿಯಾಗಿ ನಿಂತ ಚರ್ಚಿನ ಗೋಪುರ]

ನಮಸ್ಕಾರ. ಈ ಗೋಪುರದ ಸುತ್ತ ಒಂದು ಕಾಲಕ್ಕೆ ಬೀದಿಗಳಿದ್ದವು, ಹಲಗೆ ಮನೆಗಳಿದ್ದವು, ಅಂಗಳದಲ್ಲಿ ಮುಸುಕಿನ ಜೋಳ ಒಣಗುತ್ತಿತ್ತು. ಈಗ ಕಣ್ಣು ಹಾಯಿಸಿದಷ್ಟೂ ದೂರ ಹೆಪ್ಪುಗಟ್ಟಿದ ಲಾವಾ. ಊರಿನ ಹೆಸರು ಸಾನ್ ಹುವಾನ್ ಪಾರಾಂಗಾರಿಕುತಿರೊ. ನೆಲ ಹೋಯಿತು, ಹೆಸರು ಹೋಗಲಿಲ್ಲ. ಭೂಪಟದಲ್ಲಿ ಹುಡುಕಿದರೆ ಇಂದಿಗೂ 'ನುಯೆವೊ ಪಾರಾಂಗಾರಿಕುತಿರೊ' ಎಂಬ ಮುನಿಸಿಪಾಲಿಟಿ ಸಿಗುತ್ತದೆ. ನುಯೆವೊ ಎಂದರೆ ಹೊಸದು.

ಮೆಕ್ಸಿಕೋದಲ್ಲಿ ಮುನಿಸಿಪಾಲಿಟಿ ಎಂದರೆ ಪಟ್ಟಣವಷ್ಟೇ ಅಲ್ಲ. ಮುಖ್ಯ ಊರು, ಅದಕ್ಕೆ ಸೇರಿದ ಹಳ್ಳಿಗಳು, ಹೊಲ, ಕಾಡು ಎಲ್ಲವೂ ಅದರೊಳಗೆ. ಮಿಚೊಆಕಾನ್ ರಾಜ್ಯದ ಈ ಮುನಿಸಿಪಾಲಿಟಿಯ ವಿಸ್ತೀರ್ಣ ಸುಮಾರು 230 ಚದರ ಕಿಲೋಮೀಟರ್, ಜನಸಂಖ್ಯೆ ಸುಮಾರು 20 ಸಾವಿರ.

[ದೃಶ್ಯ: ಭೂಪಟ. ಉರುಆಪಾನ್ ನಗರ, ಅದರ ಪಶ್ಚಿಮಕ್ಕೆ ಗುಡ್ಡಗಳ ಸಾಲು, ತಾನ್ಸಿತಾರೊ ಶಿಖರ]

ಇಲ್ಲಿನ ನೆಲವನ್ನು ಮೊದಲು ನೋಡೋಣ, ಕಥೆಯೆಲ್ಲ ಅದರಲ್ಲೇ ಅಡಗಿದೆ. ಪೆಸಿಫಿಕ್ ಸಾಗರದ ತಳದಲ್ಲಿರುವ ಕೊಕೋಸ್ ಭೂಫಲಕ ಮೆಕ್ಸಿಕೋದ ಕೆಳಗೆ ತೂರಿಕೊಳ್ಳುತ್ತಲೇ ಇದೆ. ಆಳದಲ್ಲಿ ಕರಗಿದ ಶಿಲೆ ದಾರಿ ಸಿಕ್ಕಲ್ಲಿ ಮೇಲೆ ಉಕ್ಕುತ್ತದೆ. ಈ ಸೀಮೆಯಲ್ಲಿ ಒಂದು ಸಾವಿರಕ್ಕೂ ಹೆಚ್ಚು ಸಣ್ಣ ಜ್ವಾಲಾಮುಖಿಗಳಿವೆ. ಬಹುಪಾಲು ಒಮ್ಮೆ ಹುಟ್ಟಿ, ಕೆಲವು ವರ್ಷ ಉರಿದು, ಮತ್ತೆಂದೂ ಏಳದಂತೆ ತಣ್ಣಗಾದವು. ದೂರದಿಂದ ನೋಡಿದರೆ ರಾಶಿ ಮಾಡಿಟ್ಟ ಧಾನ್ಯದಂತೆ ಕಾಣುವ ಗುಡ್ಡಗಳೆಲ್ಲ ಅವೇ.

ಇನ್ನೊಂದು ವಿಚಿತ್ರವಿದೆ. ಇಲ್ಲಿ ಮಳೆಗೆ ಬರವಿಲ್ಲ, ಆದರೆ ಹೊಳೆಗಳು ತೀರ ಕಡಿಮೆ. ಜ್ವಾಲಾಮುಖಿಯ ಸಡಿಲ ಮಣ್ಣು ಬಿದ್ದ ನೀರನ್ನೆಲ್ಲ ಒಳಗೆ ಎಳೆದುಕೊಳ್ಳುತ್ತದೆ. ತಗ್ಗಿನಲ್ಲಿರುವ ಉರುಆಪಾನ್‌ಗೆ ಹೋದರೆ ಬುಗ್ಗೆಗಳಾಗಿ ಚಿಮ್ಮುವ ನೀರು ಕಾಣುತ್ತದೆ. ಮೇಲಿನ ಪೈನ್ ಕಾಡು ಉಳಿದರೆ ಕೆಳಗಿನ ಬುಗ್ಗೆ ಉಳಿಯುತ್ತದೆ. ಈ ಮಾತು ಮುಂದೆ ಬೇಕಾಗುತ್ತದೆ.

ಇದು ಪುರೇಪೆಚಾ ಜನರ ನಾಡು. ಅವರ ಭಾಷೆಗೂ ಜಗತ್ತಿನ ಬೇರಾವ ಭಾಷೆಗೂ ನಂಟಿರುವುದು ಈವರೆಗೆ ಸಾಬೀತಾಗಿಲ್ಲ. 1522ರಲ್ಲಿ ಸ್ಪೇನಿನ ದಂಡು ಬಂತು, ಅದರ ಬೆನ್ನಿಗೇ ಪಾದ್ರಿಗಳು ಬಂದರು. ಇಲ್ಲಿ ನೇಯುತ್ತಿದ್ದ ಮಂಚದ ಹೊದಿಕೆಗಳು ಎಷ್ಟು ಹೆಸರಾಗಿದ್ದವೆಂದರೆ ಊರನ್ನೇ 'ಹೊದಿಕೆಗಳ ಸಾನ್ ಹುವಾನ್' ಎಂದು ಕರೆಯುತ್ತಿದ್ದರು.

[ದೃಶ್ಯ: ಉತ್ತ ಹೊಲ, ನೆಲದಲ್ಲಿ ಸಣ್ಣ ಬಿರುಕು, ತೆಳ್ಳಗಿನ ಹೊಗೆ]

1943ರ ಫೆಬ್ರವರಿ 20, ಶನಿವಾರ. ವಾರಗಳಿಂದ ನೆಲ ನಡುಗುತ್ತಿತ್ತು. ಪಾರೀಕುತಿನ್ ಎಂಬ ಪಕ್ಕದ ಹಳ್ಳಿಯ ರೈತ ದಿಯೊನಿಸಿಯೊ ಪುಲಿದೊ ಬಿತ್ತನೆಗೆ ಹೊಲ ಹದ ಮಾಡುತ್ತಿದ್ದರು. ಸಂಜೆ ನಾಲ್ಕರ ಹೊತ್ತಿಗೆ ಹೊಲದಲ್ಲಿ ಬಿರುಕು ಬಿಟ್ಟಿತು. ನೆಲ ಉಬ್ಬಿತು, ಬೂದಿಯಂಥ ಹೊಗೆ ಎದ್ದಿತು, ಗಂಧಕದ ವಾಸನೆ ಮೂಗಿಗೆ ಅಡರಿತು. ಅವರು ಓಡಿ ಹಳ್ಳಿ ಸೇರಿಕೊಂಡರು. ವಾರದೊಳಗೆ ಆ ಹೊಲದಲ್ಲಿ 100 ಮೀಟರ್ ಮೀರಿದ ಗುಡ್ಡವಿತ್ತು. ಒಂಬತ್ತು ವರ್ಷಗಳ ಬಳಿಕ, 1952ರಲ್ಲಿ ಜ್ವಾಲಾಮುಖಿ ತಣ್ಣಗಾದಾಗ ಅದರ ಎತ್ತರ 424 ಮೀಟರ್.

ಜ್ವಾಲಾಮುಖಿಯೊಂದನ್ನು ಹುಟ್ಟಿನಿಂದ ಕೊನೆಯವರೆಗೆ ವಿಜ್ಞಾನಿಗಳು ಕಣ್ಣಾರೆ ನೋಡಲು ಸಾಧ್ಯವಾದದ್ದು ಇಲ್ಲಿ. ಅವರಿಗೆ ನೆರವಾದವರು ಸಾನ್ ಹುವಾನಿನವರೇ ಆದ ಸೆಲೆದೊನಿಯೊ ಗುತಿಯೆರೆಸ್. ತಮ್ಮ ಊರನ್ನೇ ನುಂಗುತ್ತಿದ್ದ ಬೆಟ್ಟದ ದಿನಚರಿಯನ್ನು ಅವರು ಬರೆದಿಡುತ್ತಾ ಹೋದರು. ಈ ಇಡೀ ಕಥೆಯಲ್ಲಿ ನನ್ನ ಗೌರವ ಅತಿ ಹೆಚ್ಚು ಸಲ್ಲುವುದು ಅವರಿಗೆ.

ಲಾವಾ ನಿಧಾನವಾಗಿ ಹರಿದದ್ದರಿಂದ ಅದಕ್ಕೆ ಸಿಕ್ಕಿ ಯಾರೂ ಸಾಯಲಿಲ್ಲ. ಬೂದಿಯ ಮೋಡದಲ್ಲಿ ಹುಟ್ಟಿದ ಸಿಡಿಲಿಗೆ ಮೂವರು ಬಲಿಯಾದರು. ಆದರೆ ಬೂದಿ ಬಿದ್ದ ಹೊಲದಲ್ಲಿ ಪೈರು ಏಳಲಿಲ್ಲ, ದನಕರುಗಳಿಗೆ ಮೇವಿಲ್ಲ. ಎಷ್ಟೋ ಗಂಡಸರು ಅಮೆರಿಕದ ಹೊಲಗಳಿಗೆ ಕೂಲಿಗೆ ಹೋದರು. ಪಾರೀಕುತಿನ್ ಹಳ್ಳಿ ಮೊದಲು ಮುಚ್ಚಿಹೋಯಿತು.

[ದೃಶ್ಯ: ಹಳೆಯ ಕಪ್ಪು-ಬಿಳುಪು ಚಿತ್ರಗಳು, ಶಿಲುಬೆ ಹೊತ್ತ ಜನರ ಸಾಲು]

ಸಾನ್ ಹುವಾನಿನವರು ಕೊನೆಯವರೆಗೂ ಜಾಗ ಬಿಡಲು ಒಪ್ಪಲಿಲ್ಲ. ಪೂರ್ವಜರ ಸಮಾಧಿ ಇರುವ ಮಣ್ಣನ್ನು ಬಿಟ್ಟು ಹೋಗುವುದು ಹೇಗೆ? ಲಾವಾ ಊರ ಬಾಗಿಲಿಗೆ ಬಂದಾಗ, 1944ರ ಮೇ ತಿಂಗಳಲ್ಲಿ, ಚರ್ಚಿನಲ್ಲಿದ್ದ 'ಪವಾಡಗಳ ಪ್ರಭು'ವಿನ ವಿಗ್ರಹವನ್ನು ಇಳಿಸಿ ಹೆಗಲ ಮೇಲಿಟ್ಟುಕೊಂಡರು. ಪ್ರಭು ಹೊರಟ ಮೇಲೆ ಜನರೂ ಹೊರಟರು. ಹಾಡುತ್ತಾ, ಅಳುತ್ತಾ, ಅಂಗಾವಾನ್ ಹಳ್ಳಿಯ ಮೇಲೆ ಹಾದು ಉರುಆಪಾನ್ ದಾಟಿ, ಲೋಸ್ ಕೊನೆಹೋಸ್ ಎಂಬ ಜಾಗಕ್ಕೆ ಕಾಲ್ನಡಿಗೆಯಲ್ಲಿ ಬಂದು ಸೇರಿದರು. ಕೊನೆಹೋಸ್ ಎಂದರೆ ಮೊಲಗಳು. ಅಲ್ಲಿ ಹೊಸದಾಗಿ ಊರು ಕಟ್ಟಿದರು, ಹಳೆಯ ಹೆಸರನ್ನೇ ಇಟ್ಟರು.

ಹೊಸ ಊರಿನ ಚರ್ಚಿನೊಳಗೆ ಇಂದಿಗೂ ಭಕ್ತರು ಸಂಗೀತಕ್ಕೆ ಹೆಜ್ಜೆ ಹಾಕುತ್ತಾ, ಕುಣಿಯುತ್ತಲೇ ಪ್ರಭುವಿನ ಬಳಿಗೆ ಸಾಗುತ್ತಾರೆ. ಹರಕೆ ಸಲ್ಲಿಸುವ ರೀತಿಯೇ ಅದು. ಹಳೆಯ ಊರಿನಲ್ಲೂ ಹೀಗೆಯೇ ಕುಣಿಯುತ್ತಿದ್ದರು.

[ದೃಶ್ಯ: ಪೈನ್ ಮರದ ಕಾಂಡ ಹತ್ತಿರದಿಂದ. ತೊಗಟೆಯಲ್ಲಿ ಕೆತ್ತಿದ ಗಾಯ, ಕೆಳಗೆ ಕಟ್ಟಿದ ಬಟ್ಟಲು]

ಬಟ್ಟಲಿಗೆ ತೊಟ್ಟಿಕ್ಕುತ್ತಿರುವುದು ರಾಳ. ಅದನ್ನು ಬಟ್ಟಿ ಇಳಿಸಿದರೆ ಟರ್ಪೆಂಟೈನ್ ಎಣ್ಣೆ ಬರುತ್ತದೆ. 1980ರ ದಶಕದ ಆರಂಭದಲ್ಲಿ ಇಲ್ಲಿನ ಮೂಲನಿವಾಸಿ ಸಮುದಾಯ ಕಾಡಿನ ಉಸ್ತುವಾರಿಯನ್ನು ಗುತ್ತಿಗೆದಾರರಿಗೆ ಬಿಡದೆ ತನ್ನ ಕೈಗೇ ತೆಗೆದುಕೊಂಡಿತು. ಸ್ವಂತ ಗರಗಸದ ಮಿಲ್ಲು, ಪೀಠೋಪಕರಣ ಕಾರ್ಖಾನೆ, ರಾಳದ ಘಟಕ ಎದ್ದವು. ನಿರ್ಧಾರಗಳು ಸದಸ್ಯರ ಮಹಾಸಭೆಯಲ್ಲಿ ಆಗುತ್ತವೆ. 1991ರಲ್ಲಿ ಸುಮಾರು 18 ಸಾವಿರ ಹೆಕ್ಟೇರ್ ಭೂಮಿಯ ಮೇಲೆ ಸಮುದಾಯದ ಹಕ್ಕಿಗೆ ಸರ್ಕಾರದ ಮಾನ್ಯತೆ ದೊರೆಯಿತು. ಇಷ್ಟು ದೊಡ್ಡ ಕಾಡನ್ನು ಹಳ್ಳಿಗರೇ ಕಡಿದು, ನೆಟ್ಟು, ಲೆಕ್ಕವಿಟ್ಟು ನಡೆಸುವುದನ್ನು ನೋಡಲು ಹೊರದೇಶಗಳಿಂದ ಅರಣ್ಯ ತಜ್ಞರು ಬರುತ್ತಾರೆ.

ಸುತ್ತಮುತ್ತ ಈಗ ಬೆಣ್ಣೆಹಣ್ಣಿನ ಅಬ್ಬರ. ಉರುಆಪಾನ್ ಸೀಮೆಯ ಬೆಣ್ಣೆಹಣ್ಣು ಅಮೆರಿಕದ ಮಾರುಕಟ್ಟೆಗೆ ಹೋಗುತ್ತದೆ, ಒಳ್ಳೆಯ ಬೆಲೆ ಬರುತ್ತದೆ. ಆ ಆಸೆಗೆ ಮಿಚೊಆಕಾನಿನ ಎಷ್ಟೋ ಪೈನ್ ಕಾಡು ತೋಟವಾಗಿದೆ. ತೋಟಕ್ಕೆ ನೀರು ಹೆಚ್ಚು ಬೇಕು, ಆ ನೀರನ್ನು ಹಿಡಿದಿಡುವುದು ಕಾಡು. ಇಲ್ಲಿಯೂ ತೋಟಗಳಿವೆ, ಒತ್ತಡವೂ ಇದೆ. ಆದರೂ ಒಂದು ಕಾಲಕ್ಕೆ ಬೂದಿ ಮುಚ್ಚಿದ್ದ ಜಾಗಗಳಲ್ಲಿ ಇದೇ ಸಮುದಾಯ ನೆಟ್ಟ ಪೈನ್ ಸಸಿಗಳು ಇಂದು ಕಾಡಾಗಿ ನಿಂತಿವೆ.

[ದೃಶ್ಯ: ಲಾವಾದ ನಡುವಿನ ಬಲಿಪೀಠ, ಮೇಣದಬತ್ತಿ, ತಾಜಾ ಹೂ]

ಹಳೆಯ ಚರ್ಚನ್ನು ನೋಡಲು ಅಂಗಾವಾನಿನಿಂದ ಕುದುರೆಯ ಮೇಲೆ ಹೋಗಬಹುದು, ನಡೆದೂ ಹೋಗಬಹುದು. ಕೊನೆಯಲ್ಲಿ ಚೂಪು ಬಂಡೆಗಳ ಮೇಲೆ ಕೈಯೂರಿ ಹತ್ತಬೇಕು. ಲಾವಾ ಗೋಡೆಗಳನ್ನು ಒಡೆದು ಒಳನುಗ್ಗಿತು, ಬಲಿಪೀಠವನ್ನು ಮುಟ್ಟದೆ ನಿಂತಿತು. ಅಲ್ಲಿ ಯಾರಾದರೊಬ್ಬರು ಇಟ್ಟುಹೋದ ಹೂ ಇರುತ್ತದೆ.