ನನ್ನ ಭಾಷೆಗಳ ಫೈಲು | ಸ್ಟುಟ್‌ಗಾರ್ಟ್ ವ್ಲಾಗ್

ನಮಸ್ಕಾರ. ಮೇಜಿನ ಮೇಲೆ ಕಾಣ್ತಾ ಇರುವ ಈ ನೀಲಿ ಫೈಲನ್ನು ಇವತ್ತು ಪೂರ್ತಿ ಬಿಚ್ಚಿ ತೋರಿಸ್ತೇನೆ. ಜರ್ಮನ್ ಕಲೀಲಿಕ್ಕೆ ಯಾವ ಆ್ಯಪ್ ಒಳ್ಳೆಯದು, ಯಾವ ಪುಸ್ತಕ ಒಳ್ಳೆಯದು ಅಂತ ಊರಿನಿಂದ ಫೋನ್ ಮಾಡಿ ಕೇಳುವವರು ತುಂಬ ಜನ. ನನಗೆ ಅದಕ್ಕಿಂತ ದೊಡ್ಡ ಪ್ರಶ್ನೆ ಬೇರೆ: ಎಷ್ಟು ಕಲಿತೆ ಅಂತ ನನಗೇ ಗೊತ್ತಾಗುವುದು ಹೇಗೆ?

ಪರೀಕ್ಷೆ ಉಂಟಲ್ಲ ಅಂತೀರಿ. ಉಂಟು. ಜರ್ಮನ್ ಕಲಿಸುವ ಸಂಸ್ಥೆ ಗ್ಯೋಟೆ ಇನ್‌ಸ್ಟಿಟ್ಯೂಟ್‌ನ ಬಿ1, ಅಂದ್ರೆ ಮಧ್ಯಮ ಹಂತದ, ಪರೀಕ್ಷೆಯಲ್ಲಿ ಓದುವುದು, ಕೇಳುವುದು, ಬರೆಯುವುದು, ಮಾತಾಡುವುದು ಅಂತ ನಾಲ್ಕು ಭಾಗ. ಒಂದೊಂದಕ್ಕೂ 100 ಅಂಕ, 60 ಬಂದ್ರೆ ಪಾಸು. ಕಚೇರಿಗಳಿಗೆ ಆ ಕಾಗದ ಬೇಕೇ ಬೇಕು, ಅದರ ಬೆಲೆ ಕಡಿಮೆ ಅಂತ ನಾನು ಹೇಳುವುದಿಲ್ಲ. ಆದರೆ ಇಲ್ಲಿಯ ಸ್ಟೇಷನ್‌ನಲ್ಲಿ ಕೊನೇ ನಿಮಿಷಕ್ಕೆ ಪ್ಲಾಟ್‌ಫಾರ್ಮ್ ಬದಲಾದ ಘೋಷಣೆ ಬಂದಾಗ ನಾನೇ ಕೇಳಿ ಹೊರಡ್ತೇನಾ, ಇಲ್ಲ ಪಕ್ಕದವರು ಎತ್ತ ಹೋಗ್ತಾರೆ ಅಂತ ನೋಡ್ತೇನಾ? ಅಂಕಪಟ್ಟಿಯಲ್ಲಿ ಅದು ಬರುವುದಿಲ್ಲ. ಅದನ್ನು ನಾನೇ ಬರೆದಿಡಬೇಕು.

ಹೀಗೆ ಬರೆದಿಡುವ ಕ್ರಮ ನನ್ನ ಕಲ್ಪನೆ ಅಲ್ಲ. 1991ರ ನವೆಂಬರ್‌ನಲ್ಲಿ ಸ್ವಿಟ್ಜರ್ಲೆಂಡ್‌ನ ರ‍್ಯೂಶ್ಲಿಕಾನ್‌ನಲ್ಲಿ ಭಾಷಾ ಶಿಕ್ಷಣದವರ ಒಂದು ಸಭೆ ಆಯ್ತು. ಎ1ರಿಂದ (ಆರಂಭದ ಹಂತ) ಸಿ2ವರೆಗೆ (ಎಲ್ಲಕ್ಕಿಂತ ಮೇಲಿನದು) ಈಗ ಎಲ್ಲರೂ ಹೇಳುವ ಆರು ಹಂತಗಳ ಹಿಂದಿರುವ ಚೌಕಟ್ಟು, ಅದರ ಜೊತೆಗೆ ಕಲಿಯುವವರ ಕೈಯಲ್ಲೇ ಇರುವ ಭಾಷಾ ಪೋರ್ಟ್‌ಫೋಲಿಯೋ, ಎರಡರ ಪ್ರಸ್ತಾಪವೂ ಅಲ್ಲಿಂದಲೇ ಬಂತು. 2001ರಲ್ಲಿ, ಯುರೋಪಿನ ಭಾಷಾ ವರ್ಷದಲ್ಲಿ, ಎರಡೂ ಸಾರ್ವಜನಿಕವಾಗಿ ಬಂದವು. ತಂದದ್ದು ಕೌನ್ಸಿಲ್ ಆಫ್ ಯುರೋಪ್. ಯುರೋಪಿಯನ್ ಯೂನಿಯನ್ ಬೇರೆ, ಇದು ಬೇರೆ. ಎ1, ಬಿ1 ಮನೆಮಾತಾಗಿ ಹೋಯ್ತು, ಪೋರ್ಟ್‌ಫೋಲಿಯೋ ಹಿಂದೆ ಉಳೀತು. ನನಗೆ ಅದು ಬೇಸರದ ವಿಷಯ, ಯಾಕಂದ್ರೆ ಕಲಿಯುವವರಿಗೆ ಹೆಚ್ಚು ಉಪಯೋಗಕ್ಕೆ ಬರುವುದು ಈ ಎರಡನೆಯದೇ.

ಈ ಪೋರ್ಟ್‌ಫೋಲಿಯೋದಲ್ಲಿ, ಅಂದ್ರೆ ನನ್ನ ನೀಲಿ ಫೈಲಿನಲ್ಲಿ, ಮೂರು ಭಾಗ: ಭಾಷಾ ಪಾಸ್‌ಪೋರ್ಟ್, ಭಾಷಾ ಜೀವನಚರಿತ್ರೆ, ಮತ್ತೆ ಕೆಲಸದ ಮಾದರಿಗಳನ್ನು ಇಡುವ ಕಡತ.

ಪಾಸ್‌ಪೋರ್ಟ್ ಪುಟ ನೋಡಿ. ಇಲ್ಲಿ ಜರ್ಮನ್ ಒಂದೇ ಇಲ್ಲ. ಗೊತ್ತಿರುವ ಎಲ್ಲ ಭಾಷೆಯನ್ನೂ ಬರೀಬೇಕು, ಸರ್ಟಿಫಿಕೇಟ್ ಇರಲಿ, ಇಲ್ಲದಿರಲಿ. ಪುತ್ತೂರಿನ ಕಡೆಯವಳಾದ ನನಗೆ ಇದು ಎಷ್ಟು ಖುಷಿ ಕೊಟ್ಟಿತು ಅಂದ್ರೆ! ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಪಕ್ಕದ ಮನೆಯಿಂದ ಕೊಂಕಣಿ, ಮತ್ತೆ ಹಿಂದಿ, ಇಂಗ್ಲಿಷ್. ಬಯೋಡೇಟಾದಲ್ಲಿ ಯಾವತ್ತೂ ಒಂದೇ ಸಾಲಿನಲ್ಲಿ ಮುಗಿದುಹೋಗುತ್ತಿದ್ದ ಭಾಷೆಗಳಿಗೆ ಇಲ್ಲಿ ಒಂದೊಂದಕ್ಕೂ ಐದೈದು ಕಾಲಂ: ಕೇಳುವುದು, ಓದುವುದು, ಸಂಭಾಷಣೆ, ಒಬ್ಬರೇ ನಿಂತು ಮಾತಾಡುವುದು, ಬರೆಯುವುದು. ತುಂಬಿಸ್ತಾ ಹೋದ ಹಾಗೆ ಗೊತ್ತಾಗ್ತದೆ, ಯಾವ ಭಾಷೆಯೂ ಐದು ಕಡೆಯೂ ಒಂದೇ ಎತ್ತರದಲ್ಲಿ ಇರುವುದಿಲ್ಲ. ತುಳುವಿನಲ್ಲಿ ಕೇಳುವುದಕ್ಕೆ ನಾನು ಧೈರ್ಯವಾಗಿ ಸಿ2 ಹಾಕ್ತೇನೆ. ಓದುವುದು? ಕನ್ನಡ ಲಿಪಿಯಲ್ಲಿದ್ರೂ ತಡವರಿಸ್ತೇನೆ. ತುಳುವಿನ ಹಳೆಯ ಲಿಪಿ ತುಳು-ತಿಗಳಾರಿ 2024ರಲ್ಲಿ ಯುನಿಕೋಡ್‌ಗೆ, ಅಂದ್ರೆ ಕಂಪ್ಯೂಟರ್ ಅಕ್ಷರಗಳ ಪಟ್ಟಿಗೆ, ಸೇರಿದೆ, ನನಗೆ ಇನ್ನೂ ಅಕ್ಷರ ಬರುವುದಿಲ್ಲ. ಹಾಗಿರುವಾಗ ಜರ್ಮನ್‌ನಲ್ಲಿ ಓದು ಬಿ2, ಮಾತು ಎ2 ಅಂತ ಬಂದ್ರೆ ಗಾಬರಿ ಆಗುವ ಅಗತ್ಯ ಇಲ್ಲ. ಮುಂದೆ ಎಲ್ಲಿ ಕೆಲಸ ಮಾಡಬೇಕು ಅಂತ ಆ ಕಾಲಂ ಹೇಳ್ತಾ ಉಂಟು, ಅಷ್ಟೇ.

ಎರಡನೇ ಭಾಗದಲ್ಲಿ ಚೆಕ್‌ಲಿಸ್ಟ್. 'ನಿಧಾನವಾಗಿ ಹೇಳಿದ್ರೆ ದಾರಿ ಕೇಳಿ ತಿಳ್ಕೊಳ್ತೇನೆ', ಈ ಥರದ ವಾಕ್ಯಗಳು. ಸಾಧಾರಣವಾಗಿ ಆಗ್ತದೆ ಅಂದ್ರೆ ಒಂದು ಟಿಕ್, ಸಲೀಸಾಗಿ ಆಗ್ತದೆ ಅಂದ್ರೆ ಎರಡು, ಮುಂದಿನ ಗುರಿ ಅಂದ್ರೆ ಆಶ್ಚರ್ಯಸೂಚಕ ಚಿಹ್ನೆ. ಪಕ್ಕದಲ್ಲಿ ಇನ್ನೊಂದು ಕಾಲಂ ಉಂಟು, ಅದು ಬೇರೆಯವರು ತುಂಬಿಸಲಿಕ್ಕೆ. ನಾನು ನನಗೇ ಹಾಕಿಕೊಂಡ ನಿಯಮ ಒಂದು: ಪುರಾವೆ ಇಲ್ಲದೆ ಟಿಕ್ ಇಲ್ಲ. ದಿನಾಂಕ ಬೇಕು, ಕಡತದಲ್ಲಿ ಅದಕ್ಕೆ ಹೊಂದುವ ಕಾಗದವೋ ಧ್ವನಿಯೋ ಬೇಕು.

ಕಡತದ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳ್ತೇನೆ, ನನ್ನ ಜೀವ ಇರುವುದೇ ಇದರಲ್ಲಿ. ಮೂರು ತಿಂಗಳಿಗೊಮ್ಮೆ ಒಂದೇ ವಿಷಯ ರೆಕಾರ್ಡ್ ಮಾಡ್ತೇನೆ: ನೀರುದೋಸೆ ಮಾಡುವುದು ಹೇಗೆ, ಜರ್ಮನ್‌ನಲ್ಲಿ, ಎರಡು ನಿಮಿಷ. ವಿಷಯ ನನಗೆ ಬಾಯಿಪಾಠ, ಹಾಗಾಗಿ ತಡವರಿಕೆ ಬಂದ್ರೆ ಅದು ಭಾಷೆಯದ್ದೇ. ಮೊದಲನೇ ರೆಕಾರ್ಡಿಂಗ್‌ನಲ್ಲಿ ಎಲ್ಲಾ ವಾಕ್ಯವೂ ತುಂಡು ತುಂಡು, ನಡುವೆ 'ಉಂಡ್ ಡಾನ್, ಉಂಡ್ ಡಾನ್', ಅಂದ್ರೆ 'ಮತ್ತೆ, ಮತ್ತೆ'. ಇತ್ತೀಚಿನದ್ದರಲ್ಲಿ 'ಕಾವಲಿ ಕಾದರೆ', 'ಹಿಟ್ಟು ದಪ್ಪ ಆದ್ರೆ' ಅಂತ ಷರತ್ತಿನ ವಾಕ್ಯಗಳು ಬಂದಿವೆ. ಅಂಥ ಉಪವಾಕ್ಯದಲ್ಲಿ ಜರ್ಮನ್ ಕ್ರಿಯಾಪದ ಕೊನೆಗೆ ಹೋಗ್ತದೆ, ನಮ್ಮ ಕನ್ನಡ, ತುಳುವಿನ ಹಾಗೆಯೇ. ಅಲ್ಲಿಗೆ ಬಂದಾಗ ನನ್ನ ದನಿ ಹಗುರ ಆಗುವುದು ರೆಕಾರ್ಡಿಂಗ್‌ನಲ್ಲಿ ಕೇಳಿಸ್ತದೆ! ಒಂದೇ ಒಂದು ರೆಕಾರ್ಡಿಂಗ್ ಇದ್ದಿದ್ರೆ ನಾನು ಇದನ್ನು ಹಿಡೀತಿರಲಿಲ್ಲ.

ಪತ್ರಗಳೂ ಉಂಟು. ಮನೆ ಮಾಲೀಕರಿಗೆ ಹೀಟರ್ ಬಗ್ಗೆ ಬರೆದ ಪತ್ರದ ಮೊದಲ ಕರಡು, ಟೀಚರ್ ಕೆಂಪು ಶಾಯಿ ಹಾಕಿದ್ದು, ಕೊನೆಗೆ ಕಳಿಸಿದ್ದು, ಮೂರೂ ಒಟ್ಟಿಗೆ. ಶುದ್ಧಪ್ರತಿ ಮಾತ್ರ ಇಟ್ಕೊಂಡ್ರೆ ಚಂದ ಕಾಣ್ತದೆ, ಆದರೆ ಬೆಳವಣಿಗೆ ಕಾಣುವುದಿಲ್ಲ. ಕರಡುಗಳನ್ನು ಸಾಲಾಗಿ ಇಟ್ಟು ನೋಡಿದಾಗ ಪದಗಳ ಕ್ರಮ ಸರಿಯಾಗ್ತಾ ಬಂದದ್ದು, ನಾಮಪದದ ಲಿಂಗ ತೋರಿಸುವ ಡೆರ್-ಡಿ-ಡಾಸ್ ಮಾತ್ರ ಇನ್ನೂ ಕೆಂಪಾಗಿಯೇ ಇರುವುದು ಎದ್ದು ಕಾಣ್ತದೆ. ಈ ತಿಂಗಳು ಓದುವುದು ಅದನ್ನೇ.

ನೀವು ಶುರು ಮಾಡುವುದಾದ್ರೆ ದುಡ್ಡು ಖರ್ಚು ಮಾಡಬೇಡಿ. ಚೆಕ್‌ಲಿಸ್ಟ್‌ಗಳು ಉಚಿತವಾಗಿ ಸಿಗ್ತವೆ, ಒಂದು ಫೈಲು ಸಾಕು. ಮೊದಲ ರೆಕಾರ್ಡಿಂಗ್ ಇವತ್ತೇ ಮಾಡಿ, ಮೂರೇ ವಾಕ್ಯ ಬಂದ್ರೂ ಸರಿ. ಆರು ತಿಂಗಳ ನಂತರ ಹೋಲಿಸಲಿಕ್ಕೆ ಬೇಕಾಗುವುದು ಈ ಮೂರು ವಾಕ್ಯ.

ನನ್ನ ಪಟ್ಟಿಯಲ್ಲಿ ಈಗ ಆಶ್ಚರ್ಯಸೂಚಕ ಇರುವುದು ಎರಡು ಕಡೆ. ಒಂದು, ಬೇಕರಿಯಲ್ಲಿ ಇಲ್ಲಿಯವರ ಶ್ವಾಬಿಷ್ ಮಾತನ್ನು, ಅಂದ್ರೆ ಈ ಕಡೆಯ ಆಡುಜರ್ಮನ್ ಅನ್ನು, ಎರಡನೇ ಸಲ ಕೇಳದೆ ಅರ್ಥ ಮಾಡ್ಕೊಳ್ಳುವುದು. ಇನ್ನೊಂದು ತುಳು ಓದುವ ಕಾಲಂ. ಭಾನುವಾರ ಫೋನ್‌ನಲ್ಲಿ ಅಮ್ಮನಿಗೆ ಒಂದು ಪುಟ ಓದಿ ಹೇಳುವುದು ಅಂತ ನಿಶ್ಚಯ ಆಗಿದೆ. ಪಕ್ಕದ ಕಾಲಂಗೆ ಟಿಕ್ ಹಾಕುವುದು ಅವರೇ.