ಕೇಳುವುದೆಂದರೆ ಏನು?

ಸಭಿಕರೇ,

ಕನ್ನಡದ ‘ಕೇಳು’ ಎಂಬ ಒಂದೇ ಧಾತುವಿನಲ್ಲಿ ಮೂರು ಅರ್ಥಗಳಿವೆ. ಹಾಡು ಕೇಳುವಾಗ ಕಿವಿಗೊಡುತ್ತೇವೆ, ದಾರಿ ಕೇಳುವಾಗ ಪ್ರಶ್ನಿಸುತ್ತೇವೆ, ‘ಹುಡುಗ ಮಾತು ಕೇಳುವುದಿಲ್ಲ’ ಎನ್ನುವಾಗ ವಿಧೇಯತೆಯಿಲ್ಲವೆಂದು ದೂರುತ್ತೇವೆ. ನಮ್ಮ ಮನೆಗಳಲ್ಲಿ ಈ ಮೂರನೆಯ ಅರ್ಥವೇ ಉಳಿದೆರಡನ್ನೂ ನುಂಗಿಬಿಟ್ಟಿದೆಯೇನೋ ಎಂಬ ಅನುಮಾನ ನನ್ನದು. ಕಿರಿಯರು ಹಿರಿಯರ ಮಾತು ಕೇಳಲೇಬೇಕು. ಹಿರಿಯರು ಕಿರಿಯರಿಗೆ ಕಿವಿಗೊಟ್ಟರೆ ಮಾತ್ರ ‘ಮಕ್ಕಳನ್ನು ತಲೆಯ ಮೇಲೆ ಕೂರಿಸಿಕೊಂಡಿದ್ದಾರೆ’ ಎನ್ನಿಸಿಕೊಳ್ಳಬೇಕಾಗುತ್ತದೆ. ಇಂದು ನಾನು ಆಡುವ ಮಾತು ಮೊದಲೆರಡು ಅರ್ಥಗಳನ್ನು ಕುರಿತದ್ದು.

ಕೇಳುವುದೇ ಕಸುಬಾಗಿರುವ ಒಂದು ಜಾಗವನ್ನು, ಅಂದರೆ ವೈದ್ಯರ ಕೊಠಡಿಯನ್ನು, ನೋಡೋಣ. ಅಮೆರಿಕದ ಹೋವರ್ಡ್ ಬೆಕ್‌ಮನ್ ಮತ್ತು ರಿಚರ್ಡ್ ಫ್ರ್ಯಾಂಕೆಲ್ 74 ಭೇಟಿಗಳ ಧ್ವನಿಮುದ್ರಣಗಳನ್ನು ಪರಿಶೀಲಿಸಿ 1984ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ರೋಗಿ ತನ್ನ ತೊಂದರೆ ಹೇಳತೊಡಗಿದ ಸರಾಸರಿ 18 ಸೆಕೆಂಡುಗಳಲ್ಲಿ ವೈದ್ಯರು ನಡುವೆ ಬಾಯಿ ಹಾಕುತ್ತಿದ್ದರು. ಹೇಳಬೇಕಾದದ್ದನ್ನು ಮೊದಲಿಗೇ ಪೂರ್ತಿ ಹೇಳಲು ರೋಗಿಗೆ ಸಾಧ್ಯವಾದದ್ದು 17 ಭೇಟಿಗಳಲ್ಲಷ್ಟೇ. ಸುಮ್ಮನೆ ಬಿಟ್ಟರೆ ಇವರು ನಿಲ್ಲಿಸುವುದೇ ಇಲ್ಲ ಎಂಬ ಭಯ ವೈದ್ಯರಿಗಿದ್ದೀತು. ಆದರೆ ಸ್ವಿಟ್ಜರ್‌ಲೆಂಡಿನ ಬಾಸೆಲ್‌ನಲ್ಲಿ ವೈದ್ಯರು, ರೋಗಿ ತಾನಾಗಿ ನಿಲ್ಲಿಸುವವರೆಗೂ ತಡೆಯದೆ ಕುಳಿತು ನೋಡಿದರು. 2002ರಲ್ಲಿ ಹೊರಬಂದ ಆ ವರದಿಯಂತೆ 335 ರೋಗಿಗಳು ಮಾತಾಡಿದ್ದು ಸರಾಸರಿ 92 ಸೆಕೆಂಡು. ಐದು ನಿಮಿಷ ದಾಟಿದವರು ಏಳೇ ಜನ, ಅವರು ಹೇಳಿದ್ದೂ ಮುಖ್ಯವಾದದ್ದೇ ಎಂದು ವೈದ್ಯರಿಗೆ ಅನ್ನಿಸಿತು. ಅಡುಗೆಮನೆಯಲ್ಲಿ ಹೆಂಡತಿಯ ಮಾತನ್ನು ‘ಗೊತ್ತಾಯಿತು ಬಿಡು’ ಎಂದು ಕತ್ತರಿಸುವ ಗಂಡನೂ ಉಳಿಸುತ್ತಿರುವುದು ಬಹುಶಃ ಇಂಥದೇ ಒಂದು ನಿಮಿಷ.

ಇದನ್ನು ಬರಿಯ ಅಹಂಕಾರವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಹತ್ತು ಭಾಷೆಗಳ ಸಂಭಾಷಣೆಯನ್ನು ಅಳೆದು 2009ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಪ್ರಶ್ನೆ ಮುಗಿದು ಉತ್ತರ ಶುರುವಾಗುವ ನಡುವಿನ ಅಂತರ ಸರಾಸರಿ ಸುಮಾರು 200 ಮಿಲಿಸೆಕೆಂಡು, ಅಂದರೆ ಸೆಕೆಂಡಿನ ಐದನೆಯ ಒಂದು ಭಾಗ. ಅಷ್ಟರಲ್ಲಿ ಒಂದು ವಾಕ್ಯವನ್ನು ಕಟ್ಟಿ ನುಡಿಯುವುದು ಸಾಧ್ಯವಿಲ್ಲ. ಎದುರಿನವರು ಇನ್ನೂ ಮಾತಾಡುತ್ತಿರುವಾಗಲೇ ನಮ್ಮ ಉತ್ತರ ಒಳಗೆ ಸಿದ್ಧವಾಗುತ್ತಿರುತ್ತದೆ. ಹರಟೆಗೆ ಈ ಚುರುಕು ಬೇಕು. ಸಂಕಟ ಹೇಳಿಕೊಳ್ಳಲು ಬಂದವರ ಮುಂದೆ ಅದೇ ಚುರುಕು ತೊಡಕಾಗುತ್ತದೆ: ಅವರ ಮಾತಿನ ಕೊನೆಯ ಅರ್ಧ, ಸಾಮಾನ್ಯವಾಗಿ ಮುಖ್ಯವಾದ ಅರ್ಧ, ನಮ್ಮ ತಯಾರಿಯ ಗದ್ದಲದಲ್ಲಿ ಮುಳುಗಿಹೋಗುತ್ತದೆ.

ಅಜ್ಜಿ ಕಥೆ ಹೇಳುವಾಗ ಹೂಂಗುಡಲು ಒಬ್ಬರು ಇರಲೇಬೇಕಿತ್ತು. ನಿದ್ದೆಗಣ್ಣಿನಲ್ಲಿ ಒಂದೇ ರಾಗದಲ್ಲಿ ಹೂಂ ಎನ್ನುತ್ತಿದ್ದರೆ ನಮ್ಮಜ್ಜಿ ಅಲ್ಲಿಗೇ ನಿಲ್ಲಿಸಿ, ‘ರಾಜ ಎಲ್ಲಿಗೆ ಹೋದ, ಹೇಳು’ ಎನ್ನುತ್ತಿದ್ದಳು. ಇಂದು ಮೊಬೈಲ್ ಪರದೆ ನೋಡುತ್ತ ನಾವು ಹಾಕುವ ಹೂಂ ಆ ಪರೀಕ್ಷೆಯಲ್ಲಿ ಖಂಡಿತ ನಪಾಸಾಗುತ್ತದೆ.

‘ಕೇಳು’ವಿನ ಎರಡನೆಯ ಅರ್ಥ ಒದಗಿಬರುವುದು ಇಲ್ಲಿಯೇ. ‘ನನಗೂ ಹಾಗೇ ಆಗಿತ್ತು’ ಎಂದೊಡನೆ ಕಥೆ ನಮ್ಮದಾಗುತ್ತದೆ, ‘ಅಷ್ಟಕ್ಕೆಲ್ಲ ಯಾಕೆ ಚಿಂತೆ’ ಎಂದರೆ ಮುಗಿದೇ ಹೋಗುತ್ತದೆ. ‘ಆಮೇಲೆ ಅವರೇನೆಂದರು?’ ಎಂದು ಕೇಳಿದರೆ ಅದು ಹೇಳುವವರದಾಗಿಯೇ ಉಳಿದು ಮುಂದುವರಿಯುತ್ತದೆ. ಸಲಹೆ ಬೇಕೋ, ಸುಮ್ಮನೆ ಕೇಳಿಸಿಕೊಂಡರೆ ಸಾಕೋ ಎಂಬುದನ್ನೂ ಅವರನ್ನೇ ಕೇಳಬಹುದು. ಮೊದಲ ಸಲ ತುಸು ಮುಜುಗರವಾಗುತ್ತದೆ, ಅಷ್ಟೆ.

ಊರಿನಿಂದ ಅಪ್ಪ ಫೋನ್ ಮಾಡಿದರೆ ಮಳೆ, ಅಡಕೆ, ಪಕ್ಕದ ಮನೆಯ ಮದುವೆ ಎಲ್ಲ ಮುಗಿದ ಮೇಲೆ ‘ಮತ್ತೇನಿಲ್ಲ’ ಎನ್ನುತ್ತಾರೆ. ‘ಸರಿ, ಇಡುತ್ತೇನೆ’ ಎಂದು ನಾನು ಎಷ್ಟೋ ವರ್ಷ ಅಲ್ಲಿಗೇ ಫೋನ್ ಇಟ್ಟಿದ್ದೇನೆ. ಈಚೆಗೆ ಒಮ್ಮೆ ಏನೂ ಹೇಳದೆ ಸುಮ್ಮನಿದ್ದೆ. ಮೂರು ನಾಲ್ಕು ಸೆಕೆಂಡು ಕಳೆದ ಮೇಲೆ, ‘ಎಡಗಣ್ಣು ಸ್ವಲ್ಪ ಮಂಜಾಗುತ್ತಿದೆ ಮಾರಾಯ’ ಎಂದರು.