ಇನ್ನೊಮ್ಮೆ ಓದ್ರಿ

ಕೇಳುಗರಿಗೆ ನಮಸ್ಕಾರ.

ಧಾರವಾಡದಲ್ಲಿ ಜಿಟಿಜಿಟಿ ಮಳೆ ಹಿಡಿದ ಒಂದು ಸಂಜೆ. ನಾಲ್ವರು ಕವಿಗಳು, ಇಬ್ಬರು ಕಥೆಗಾರರು. ಹಾರವಿಲ್ಲ, ಶಾಲಿಲ್ಲ, ಅಧ್ಯಕ್ಷರ ಭಾಷಣವೂ ಇಲ್ಲ, ಬರೀ ಓದು. ಬಂದವರು ಮೂವತ್ತು ಮಂದಿ ಇದ್ದಾರು. ಮಳೆಗೆ ಹೆದರಿ ಒಳಗೆ ಬಂದವರೂ ಅದರಲ್ಲಿ ಸೇರಿದ್ದರು ಅನ್ನಿ.

ಮೊದಲ ಕವಿ ಎರಡು ನಿಮಿಷದ ಕವಿತೆಗೆ ಐದು ನಿಮಿಷ ಪೀಠಿಕೆ ಹಾಕಿದರು. ಎಲ್ಲಿ ಹೊಳೆದದ್ದು, ಯಾರನ್ನು ನೆನೆದು ಬರೆದದ್ದು, ಎಲ್ಲ ಹೇಳಿ ಮುಗಿಸಿದ ಮೇಲೆ ಕವಿತೆಗೆ ಕೆಲಸವೇ ಉಳಿಯಲಿಲ್ಲ. ನನಗೆ ಗಮಕ ನೆನಪಾಯಿತು. ಅಲ್ಲಿ ಕುಮಾರವ್ಯಾಸನ ಷಟ್ಪದಿಯನ್ನು ರಾಗವಾಗಿ ವಾಚಿಸುವವರು ಒಬ್ಬರು, ಅರ್ಥ ಬಿಡಿಸಿ ಹೇಳುವವರು ಇನ್ನೊಬ್ಬರು. ಐದು ಶತಮಾನಕ್ಕೂ ಹಳೆಯ ಕನ್ನಡಕ್ಕೆ ಆ ಜೋಡಿ ಬೇಕು. ಮೊನ್ನೆ ಬರೆದ ಕವಿತೆಗೂ ಬೇಕೆ?

ಆಕಾಶವಾಣಿ 1956ರಿಂದ ಸರ್ವಭಾಷಾ ಕವಿ ಸಮ್ಮೇಳನ ನಡೆಸುತ್ತ ಬಂದಿದೆ. ಗಣರಾಜ್ಯೋತ್ಸವದ ಹಿಂದಿನ ರಾತ್ರಿ ಅದರ ಪ್ರಸಾರ. ಚಿಕ್ಕವನಿದ್ದಾಗ ರೇಡಿಯೊ ಪಕ್ಕ ಕೂತು ಕೇಳುತ್ತಿದ್ದೆ. ಯಾವುದೋ ದೂರದ ಭಾಷೆ, ಒಂದು ಪದವೂ ತಿಳಿಯದು. ಆದರೂ ಕವಿ ಎಲ್ಲಿ ಉಸಿರು ಬಿಗಿಹಿಡಿದರು, ಎಲ್ಲಿ ಸಡಿಲಬಿಟ್ಟರು ಎಂಬುದು ಗೊತ್ತಾಗುತ್ತಿತ್ತು. ಅರ್ಥದ ಮಾತು ಆಮೇಲೆ.

ಮೂರನೆಯವರು, ಸುಮಾರು ಮೂವತ್ತು ವಯಸ್ಸಿನ ಹೆಣ್ಣುಮಗಳು, ಎದ್ದು ನಿಂತವರೇ ಓದತೊಡಗಿದರು. ಒಲೆಯ ಬೂದಿಯ ಮೇಲೊಂದು ಕವಿತೆ. ಹಿಂದಿನ ಸಾಲಿನಿಂದ ಯಾರೋ, "ಇನ್ನೊಮ್ಮೆ ಓದ್ರಿ" ಅಂದರು. ಎರಡನೆಯ ಸಲ ನಿಧಾನವಾಗಿ ಓದಿದರು. ಹೊರಗೆ ಹಂಚಿನ ಮೇಲಿನ ಮಳೆಯ ಸದ್ದು ಮಾತ್ರ.

ಕಥೆಗಾರರ ಪಾಡು ಬೇರೆ. ಕಥೆಯನ್ನು ಇನ್ನೊಮ್ಮೆ ಓದಿ ಅನ್ನುವಂತಿಲ್ಲ. 3000 ಪದಗಳ ಕಥೆಗೆ ಅರ್ಧ ಗಂಟೆ ಬೇಕು. ಒಬ್ಬರು ಇಡೀ ಕಥೆ ಓದುವ ಹಟಕ್ಕೆ ಬಿದ್ದು ರೈಲಿನ ಹಾಗೆ ಓಡಿಸಿದರು. ನಡುವೆ ನನಗೆ ಸೊಸೆ ಯಾರು, ನಾದಿನಿ ಯಾರು ತಿಳಿಯದೆ ಹೋಯಿತು. ಪುಸ್ತಕವಾದರೆ ಪುಟ ಹಿಂದಕ್ಕೆ ತಿರುವಬಹುದು, ಕಿವಿಗೆ ಆ ಅನುಕೂಲವಿಲ್ಲ. ಇನ್ನೊಬ್ಬರು ಜಾಣರು. ಹೊಲದ ವಾಟ್ನಿಗೆ, ಅಂದರೆ ಪಾಲು ಹಂಚಿಕೆಗೆ, ಸಹಿ ಹಾಕಲು ಬಂದ ಅಕ್ಕತಂಗಿಯರು ಬಸ್‌ಸ್ಟ್ಯಾಂಡಿನಲ್ಲಿ ಜಗಳಾಡುವ ಒಂದೇ ಸನ್ನಿವೇಶ ಆರಿಸಿಕೊಂಡು, ವರ್ಣನೆ ಹಾರಿಸಿ, ಮಾತುಗಳನ್ನಷ್ಟೇ ಓದಿದರು. ನಕ್ಕೂ ನಕ್ಕೂ ಸಾಕಾಯಿತು. ತಂಗಿ ಪೆನ್ನು ಕೈಗೆ ತಗೊಂಡಳು ಎಂಬಲ್ಲಿ ಪುಸ್ತಕ ಮುಚ್ಚಿಬಿಟ್ಟರು!

ಮುಗಿದ ಮೇಲೆ ಚಹಾ. ಓದುವಾಗ ಸಂಕಲನ ತೆರೆದಿಟ್ಟುಕೊಂಡು ಸಾಲಿಗೆ ಸಾಲು ನೋಡುತ್ತಿದ್ದ ಹಿರಿಯರೊಬ್ಬರು ಬೂದಿಯ ಕವಿತೆಯವರನ್ನು ಹಿಡಿದರು.

"ಅಕ್ಕಾರ, ಇಲ್ಲಿ ಎರಡು ಸಾಲು ಬಿಟ್ರಲ್ಲ? ಎರಡೂ ಸಲ ಬಿಟ್ರಿ."

ಆಕೆ ಪುಟ ನೋಡಿ ನಕ್ಕರು. "ಓದಾಕ ನಿಂತಾಗ ಬಾಯಾಗ ಕೂಡಲಿಲ್ರಿ. ಮುಂದಿನ ಮುದ್ರಣದಾಗ ತಗದ ಹಾಕ್ತೀನಿ."

ಹಿರಿಯರು ಜೇಬಿನಿಂದ ಪೆನ್ಸಿಲ್ ತೆಗೆದು, ಆ ಎರಡು ಸಾಲಿನ ಮೇಲೆ ಅಲ್ಲೇ ಗೆರೆ ಎಳೆದುಕೊಂಡರು.

ನಮಸ್ಕಾರ.